ಎಸ್‌ಡಿಎನ್ ಮತ್ತು ನೆಟ್‌ವರ್ಕ್ ನಿಗಾ: ಹಾಸನ, ಚಿಕ್ಕಮಗಳೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜು ಲ್ಯಾಬ್ ನೋಡಿಕೊಳ್ಳುವವರು, ಕಾಫಿ ಕ್ಯೂರಿಂಗ್ ವರ್ಕ್ಸಿನ ಆಫೀಸಿನವರು, ನರ್ಸಿಂಗ್ ಹೋಮ್‌ನವರು, ಹೋಂಸ್ಟೇ ಮಾಲೀಕರು, ಊರಿಗೆ ಫೈಬರ್ ಕೊಡುವ ಕೇಬಲ್ ಆಪರೇಟರುಗಳು, ಕೊನೇ ವರ್ಷದ ಎಂಜಿನಿಯರಿಂಗ್ ಹುಡುಗ ಹುಡುಗಿಯರು. ಇವರೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋದರೂ ಅರ್ಥವಾಗುತ್ತದೆ.

## ಶುರುವಿಗೆ

ಸಾರ್, ಈ ಎಸ್‌ಡಿಎನ್ ಅಂದ್ರೆ ನಿಜವಾಗ್ಲೂ ಏನು? ಹೊಸ ನಮೂನೆ ಸ್ವಿಚ್ಚಾ, ಇಲ್ಲಾ ಸಾಫ್ಟ್‌ವೇರಾ?

ಪೂರ್ತಿ ಹೆಸರು ಸಾಫ್ಟ್‌ವೇರ್ ಡಿಫೈನ್ಡ್ ನೆಟ್‌ವರ್ಕಿಂಗ್. ಕಂಪ್ಯೂಟರುಗಳ ಕೇಬಲ್ ಬಂದು ಸೇರುವ ಡಬ್ಬವೇ ಸ್ವಿಚ್. ಯಾವುದೇ ಸ್ವಿಚ್ ಎರಡು ಕೆಲಸ ಮಾಡುತ್ತದೆ. ಬಂದ ಪ್ಯಾಕೆಟ್ (ಡೇಟಾದ ಪುಟ್ಟ ತುಂಡು) ಯಾವ ಪೋರ್ಟಿಗೆ ಹೋಗಬೇಕು ಅಂತ ತೀರ್ಮಾನಿಸುವುದು ಒಂದು. ಆ ತೀರ್ಮಾನದಂತೆ ಕಳಿಸುವುದು ಇನ್ನೊಂದು. ಮಾಮೂಲಿ ನೆಟ್‌ವರ್ಕಿನಲ್ಲಿ ಎರಡೂ ಅದೇ ಡಬ್ಬದೊಳಗೆ ನಡೆಯುತ್ತವೆ. ಹಾಗಾಗಿ ನಲವತ್ತು ಸ್ವಿಚ್ ಇದ್ದರೆ ನಲವತ್ತು ಕಡೆ ಲಾಗಿನ್ ಆಗಿ ಬದಲಾವಣೆ ಮಾಡಬೇಕು. ಎಸ್‌ಡಿಎನ್‌ನಲ್ಲಿ ತೀರ್ಮಾನದ ಕೆಲಸವನ್ನು ಹೊರಗೆ ತಂದು ಕಂಟ್ರೋಲರ್ ಎನ್ನುವ ಸಾಫ್ಟ್‌ವೇರಿಗೆ ಒಪ್ಪಿಸುತ್ತೇವೆ. ಅದು ಸಾಮಾನ್ಯ ಲಿನಕ್ಸ್ ಸರ್ವರ್ ಮೇಲೆ ಓಡುತ್ತದೆ. ಸ್ವಿಚ್ಚಿಗೆ ಉಳಿಯುವುದು ಕಳಿಸುವ ಕೆಲಸ ಮಾತ್ರ. "ಇಂಥ ಪ್ಯಾಕೆಟ್ ಬಂದರೆ ಹೀಗೆ ಮಾಡು" ಅಂತ ಕಂಟ್ರೋಲರ್ ಕೊಡುವ ಆದೇಶಕ್ಕೆ ರೂಲ್ ಅನ್ನುತ್ತಾರೆ. ಸ್ವಿಚ್ ಅವನ್ನು ಫ್ಲೋ ಟೇಬಲ್ ಎಂಬ ಪಟ್ಟಿಯಲ್ಲಿ ಇಟ್ಟುಕೊಳ್ಳುತ್ತದೆ.

ಹಾಸನದವರಿಗೆ ಎಂಸಿಎಫ್ ಹೇಳಿದರೆ ಬೇಗ ಹೊಳೆಯುತ್ತದೆ. ಇಸ್ರೋದ ಈ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಇಲ್ಲೇ ಇದೆ. ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಮೇಲೆ. ಅದರ ಆರೋಗ್ಯದ ವರದಿ ಕೆಳಗೆ ಬರುತ್ತದೆ, ಆದೇಶ ಮೇಲೆ ಹೋಗುತ್ತದೆ. ಆದರೆ ನಿಮ್ಮ ಡಿಶ್ ಟಿವಿಯ ಕಾರ್ಯಕ್ರಮ ಎಂಸಿಎಫ್ ಒಳಗಿಂದ ಹಾದು ಬರುವುದಿಲ್ಲ, ಅಲ್ವಾ? ಹಾಗೇ ನಿಮ್ಮ ಡೇಟಾ ಕೂಡ ಕಂಟ್ರೋಲರ್ ಒಳಗಿಂದ ಹರಿಯುವುದಿಲ್ಲ. ಯಾವ ರೂಲಿಗೂ ಹೊಂದದ ಪ್ಯಾಕೆಟ್ ಮಾತ್ರ ಕೆಲವೊಮ್ಮೆ "ಏನು ಮಾಡಲಿ" ಅಂತ ಕೇಳಲು ಅಲ್ಲಿಗೆ ಹೋಗಬಹುದು. "ಎಲ್ಲ ಟ್ರಾಫಿಕ್ಕೂ ಒಂದೇ ಸರ್ವರ್ ಮೂಲಕ ಹೋದರೆ ಸ್ಲೋ ಆಗಲ್ವಾ" ಅಂತ ತುಂಬಾ ಜನ ಹೆದರುತ್ತಾರೆ. ಆ ಹೆದರಿಕೆ ಬೇಡ.

ಇದನ್ನ ಯಾರು ಕಂಡುಹಿಡಿದಿದ್ದು? ಪರೀಕ್ಷೆಗೆ ಬೇಕು.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಕಸಾಡೊ, ನಿಕ್ ಮೆಕ್‌ಕ್ಯೂನ್ ಮತ್ತು ಅವರ ಜೊತೆಯವರು 2007ರಲ್ಲಿ ಈಥೇನ್ ಎಂಬ ಪ್ರಯೋಗದ ವಿವರ ಪ್ರಕಟಿಸಿದರು. 2008ರಲ್ಲಿ ಓಪನ್‌ಫ್ಲೋ ಬಂತು. ಕಂಟ್ರೋಲರ್ ಮತ್ತು ಸ್ವಿಚ್ ಮಾತಾಡುವ ಪ್ರೋಟೋಕಾಲ್ ಅದು. ಕ್ಯಾಂಪಸ್ ನೆಟ್‌ವರ್ಕಿನಲ್ಲಿ ಹೊಸ ಪ್ರಯೋಗ ಮಾಡಲು ಅವಕಾಶ ಸಿಗಲಿ ಅನ್ನುವುದೇ ಅದರ ಮೊದಲ ಉದ್ದೇಶ. 2011ರಲ್ಲಿ ಗೂಗಲ್, ಫೇಸ್‌ಬುಕ್, ಮೈಕ್ರೋಸಾಫ್ಟ್ ಮುಂತಾದವು ಸೇರಿ ಓಪನ್ ನೆಟ್‌ವರ್ಕಿಂಗ್ ಫೌಂಡೇಶನ್ ಕಟ್ಟಿದವು. 2013ರಲ್ಲಿ ಗೂಗಲ್ ತನ್ನ ಡೇಟಾ ಸೆಂಟರುಗಳ ನಡುವಿನ ಬಿ4 ಜಾಲದ ವಿವರ ಹೊರಗಿಟ್ಟಿತು. ದೂರದ ಲಿಂಕುಗಳನ್ನು ಸಾಮಾನ್ಯವಾಗಿ ಶೇಕಡಾ 30-40ರಷ್ಟು ಮಾತ್ರ ಬಳಸಿ ಉಳಿದದ್ದನ್ನು ಆಪತ್ತಿಗೆ ಇಡುತ್ತಿದ್ದ ಕಾಲದಲ್ಲಿ, ಅವರು ಸರಾಸರಿ ಶೇಕಡಾ 70ರಷ್ಟು ಬಳಸಿ ತೋರಿಸಿದ್ದರು. 

ಈಗಿರೋ ನೆಟ್‌ವರ್ಕ್ ಚೆನ್ನಾಗೇ ಓಡ್ತಿದೆ. ಸುಮ್ನೆ ಯಾಕೆ ಬದಲಾಯಿಸ್ಬೇಕು?

ಬದಲಾಯಿಸಬೇಡಿ. ಐದಾರು ಸ್ವಿಚ್ ಇರುವ ನರ್ಸಿಂಗ್ ಹೋಮ್, ಎಸ್ಟೇಟ್ ಆಫೀಸು, ತಾಲ್ಲೂಕು ಮಟ್ಟದ ಶಾಲೆಗಳಿಗೆ ಎಸ್‌ಡಿಎನ್ ಬೇಕಿಲ್ಲ ಅನ್ನುವುದೇ ನನ್ನ ಅಭಿಪ್ರಾಯ. ಅಲ್ಲಿ ಬೇಕಾಗಿರುವುದು ಒಳ್ಳೇ ಮ್ಯಾನೇಜ್ಡ್ ಸ್ವಿಚ್ (ಲಾಗಿನ್ ಆಗಿ ಹೊಂದಿಸಬಹುದಾದದ್ದು), ಸರಿಯಾದ ಅರ್ಥಿಂಗ್, ಯಾವ ಕೇಬಲ್ ಎಲ್ಲಿಗೆ ಹೋಗಿದೆ ಅಂತ ಬರೆದ ಒಂದು ಪುಸ್ತಕ, ಆಮೇಲೆ ನಿಗಾ ಇಡುವ ಒಂದು ಸಾಫ್ಟ್‌ವೇರ್.

ಹಲವು ಬ್ಲಾಕುಗಳಿರುವ ಕ್ಯಾಂಪಸ್, ಹಾಸ್ಟೆಲ್, ಆಸ್ಪತ್ರೆ, ನೂರಾರು ಮನೆಗೆ ಸೇವೆ ಕೊಡುವ ಆಪರೇಟರ್, ವರ್ಷಕ್ಕೆ ನಾಲ್ಕು ಸಲ ಪರೀಕ್ಷೆಗಾಗಿ ಲ್ಯಾಬುಗಳ ಇಂಟರ್ನೆಟ್ ಕಟ್ ಮಾಡಿ ಮತ್ತೆ ಕೊಡಬೇಕಾದ ಕಾಲೇಜು, ಇಂಥ ಕಡೆ ಲಾಭ ಕಾಣುತ್ತದೆ. "ಮೂರನೇ ಮಹಡಿಯ ಲ್ಯಾಬಿಗೆ ಮಧ್ಯಾಹ್ನ 1ರಿಂದ 5ರವರೆಗೆ ಪರೀಕ್ಷೆ ಸರ್ವರ್ ಮಾತ್ರ" ಅನ್ನುವುದು ಒಂದು ಫೈಲಿನಲ್ಲಿ ಕೆಲವು ಸಾಲು. ಸಾಯಂಕಾಲ ಆ ಸಾಲು ತೆಗೆದರೆ ಮೊದಲಿನಂತೆ.

ನಮ್ಮ ಹೋಂಸ್ಟೇಗೆ ಓಮಾಡಾ ಕಂಟ್ರೋಲರ್ ಹಾಕಿದಾರೆ. ಅದ್ರ ಮೇಲೂ ಎಸ್‌ಡಿಎನ್ ಅಂತಿದೆ. ಇದೇನಾ ಅದು?

ಅದು ಕೇಂದ್ರೀಕೃತ ಮ್ಯಾನೇಜ್‌ಮೆಂಟ್. ಕೆಲಸದ ವಸ್ತುವೇ, ಬೇಡ ಅನ್ನುವುದಿಲ್ಲ. ಒಂದೇ ಪರದೆಯಿಂದ ಎಲ್ಲ ವೈಫೈ ಪಾಯಿಂಟುಗಳ ಹೆಸರು, ಪಾಸ್‌ವರ್ಡ್, ಚಾನೆಲ್ ಬದಲಾಯಿಸಬಹುದು. ಆದರೆ ಪ್ಯಾಕೆಟ್ ಎಲ್ಲಿಗೆ ಹೋಗಬೇಕು ಅನ್ನುವ ತೀರ್ಮಾನ ಆಯಾ ಸ್ವಿಚ್, ಆಯಾ ಆಕ್ಸೆಸ್ ಪಾಯಿಂಟ್ ಒಳಗೇ ಉಳಿದಿರುತ್ತದೆ. ಪರೀಕ್ಷೆ ಸುಲಭ. ಕಂಟ್ರೋಲರ್ ಆಫ್ ಮಾಡಿ ನೋಡಿ. ಅತಿಥಿಗಳ ಲಾಗಿನ್ ಪೇಜ್‌ನಂಥ ಕೆಲವು ಸೌಲಭ್ಯ ನಿಲ್ಲಬಹುದು, ವೈಫೈ ಮಾತ್ರ ನಡೆಯುತ್ತಲೇ ಇರುತ್ತದೆ. ಇಂಥದ್ದೇ ಇನ್ನೊಂದಾದ ಯೂನಿಫೈ ಕೂಡ ಹೀಗೇ. ಹೋಂಸ್ಟೇಗೆ ಇದಕ್ಕಿಂತ ಜಾಸ್ತಿ ಏನೂ ಬೇಡ. ಮಾರುವವರು ಬಾಕ್ಸಿನ ಮೇಲೆ ಏನು ಬೇಕಾದರೂ ಅಚ್ಚು ಹಾಕಿಸುತ್ತಾರೆ.

## ನಿಗಾ ಇಡುವುದು

"ನೆಟ್ ಸ್ಲೋ" ಅಂತ ದಿನಾ ಫೋನ್ ಬರುತ್ತೆ. ಮೊದ್ಲು ಏನು ನೋಡ್ಬೇಕು?

ಮೊದಲು ತೊಂದರೆ ಒಳಗಿನದೋ ಹೊರಗಿನದೋ ಬೇರೆ ಮಾಡಿ. ದೂರು ಕೊಟ್ಟವರ ಕಂಪ್ಯೂಟರಿನಿಂದ ನಿಮ್ಮದೇ ಗೇಟ್‌ವೇಗೆ (ಹೊರಗಿನ ಇಂಟರ್ನೆಟ್‌ಗೆ ದಾರಿ ಕೊಡುವ ರೂಟರ್) ಪಿಂಗ್ ಮಾಡಿ, ಅಂದರೆ ಪುಟ್ಟ ಪ್ಯಾಕೆಟ್ ಕಳಿಸಿ ಉತ್ತರ ಬರಲು ಎಷ್ಟು ಹೊತ್ತಾಯಿತು ಅಂತ ನೋಡಿ. ಕೇಬಲ್ ಮೇಲೆ ಅದು ಒಂದೆರಡು ಮಿಲಿಸೆಕೆಂಡ್ ದಾಟಬಾರದು, ಒಂದು ಪ್ಯಾಕೆಟ್ಟೂ ಕಳೆಯಬಾರದು. ಇದು ಸರಿ ಇದ್ದು ಹೊರಗಿನ ವಿಳಾಸಕ್ಕೆ ತಡವಾದರೆ ಸೇವೆ ಕೊಡುವವರಿಗೆ ಫೋನ್ ಮಾಡಿ. ಒಳಗೇ ಕಳೆಯುತ್ತಿದ್ದರೆ ಸ್ವಿಚ್ಚಿನ ಪೋರ್ಟ್ ಕೌಂಟರ್ ತೆಗೆಯಿರಿ.

ಅಲ್ಲಿ ಸಿಆರ್‌ಸಿ ಎರರ್ (ದಾರಿಯಲ್ಲಿ ಕೆಟ್ಟುಹೋಗಿ ಬಂದ ಡೇಟಾದ ಲೆಕ್ಕ) ಏರುತ್ತಿದ್ದರೆ ಕೇಬಲ್, ಕನೆಕ್ಟರ್ ಅಥವಾ ಪೋರ್ಟೇ ಹಾಳಾಗಿದೆ. ಮಲೆನಾಡಿನಲ್ಲಿ ಸಿಡಿಲಿನ ಮಳೆ ಆದ ಮೇಲೆ ಇದು ಮಾಮೂಲಿ. ಪೋರ್ಟ್ ಪೂರ್ತಿ ಸಾಯುವುದಿಲ್ಲ, ಅರ್ಧ ಜೀವ ಇಟ್ಟುಕೊಂಡು ಕಾಡುತ್ತದೆ. ಎರಡು ಕಟ್ಟಡಗಳ ನಡುವೆ ತಾಮ್ರದ ಕೇಬಲ್ ಎಳೆದಿದ್ದರೆ ತೆಗೆದು ಫೈಬರ್ ಹಾಕಿ. ಬೇರೆ ಯಾವ ಸಾಫ್ಟ್‌ವೇರೂ ಅಷ್ಟು ಉಪಕಾರ ಮಾಡುವುದಿಲ್ಲ.

ಲೇಟ್ ಕೊಲಿಷನ್ (ತಡವಾಗಿ ಆದ ಡಿಕ್ಕಿ) ಕಂಡರೆ ಸಾಮಾನ್ಯವಾಗಿ ಒಂದು ಬದಿ ಫುಲ್ ಡುಪ್ಲೆಕ್ಸ್ (ಒಟ್ಟಿಗೇ ಕಳಿಸಿ ಪಡೆಯುವುದು), ಇನ್ನೊಂದು ಬದಿ ಹಾಫ್ (ಸರದಿಯಂತೆ) ಆಗಿದೆ ಅಂತ ಅರ್ಥ. ಎರಡೂ ಕಡೆ ಆಟೋ ಇಡಿ. ಎರರ್ ಇಲ್ಲ, ಆದರೆ ಡ್ರಾಪ್ (ಜಾಗ ಸಾಲದೆ ಬಿಟ್ಟ ಪ್ಯಾಕೆಟ್) ಇದೆ ಅಂದರೆ ಆ ಲಿಂಕ್ ತುಂಬಿಹೋಗುತ್ತಿದೆ.

ಇಷ್ಟಕ್ಕೆ ಎಸ್‌ಡಿಎನ್ ಬೇಕಿಲ್ಲ ಅನ್ನುವುದನ್ನು ಗಮನಿಸಿ. ಇದನ್ನು ನೋಡುವ ಅಭ್ಯಾಸ ಇಲ್ಲದ ಕಡೆ ಕಂಟ್ರೋಲರ್ ತಂದು ಕೂರಿಸಿದರೆ ಕಾಡುವ ವಸ್ತು ಇನ್ನೊಂದು ಸೇರಿತು, ಅಷ್ಟೇ. ಮೊದಲು ನಿಗಾ, ಆಮೇಲೆ ಕಂಟ್ರೋಲರ್. ನನ್ನನ್ನು ಕೇಳಿದವರಿಗೆಲ್ಲ ಹೇಳುವುದು ಇದೇ ಕ್ರಮ.

ಎಸ್‌ಎನ್‌ಎಂಪಿ ಗ್ರಾಫ್ ಹಾಕಿದೀನಿ. ಆದ್ರೆ ಜಾಸ್ತಿ ಟ್ರಾಫಿಕ್ ಇರೋವಾಗ್ಲೇ ಗ್ರಾಫ್ ಕೆಳಗೆ ಬೀಳುತ್ತೆ. ಯಾಕೆ?

ಇದು ಹಳೇ ಕಾಟ. ಸ್ವಿಚ್ಚು, ರೂಟರುಗಳಿಂದ ಅಂಕಿ ಕೇಳಿ ಪಡೆಯುವ ಪ್ರೋಟೋಕಾಲ್ ಎಸ್‌ಎನ್‌ಎಂಪಿ 1988ರದ್ದು. ಅದರ ಮೊದಲ ಆವೃತ್ತಿಯಲ್ಲಿ ಪೋರ್ಟಿನ ಬೈಟ್ ಲೆಕ್ಕ 32 ಬಿಟ್. ಸುಮಾರು 429 ಕೋಟಿ ಬೈಟ್ ಆದ ಕೂಡಲೇ ಅದು ಮತ್ತೆ ಸೊನ್ನೆಯಿಂದ ಶುರು ಆಗುತ್ತದೆ. 100 ಎಂಬಿಪಿಎಸ್ ಲಿಂಕ್ ಪೂರ್ತಿ ತುಂಬಿ ಓಡಿದರೆ ಇದಕ್ಕೆ ಐದೂ ಮುಕ್ಕಾಲು ನಿಮಿಷ ಬೇಕು. 1 ಜಿಬಿಪಿಎಸ್‌ನಲ್ಲಿ ಬರೀ 34 ಸೆಕೆಂಡ್ ಸಾಕು. ನೀವು ಐದು ನಿಮಿಷಕ್ಕೊಮ್ಮೆ ಲೆಕ್ಕ ಕೇಳುತ್ತೀರಿ. ಅಷ್ಟರಲ್ಲಿ ಅದು ಹಲವು ಸುತ್ತು ಹೊಡೆದಿರುತ್ತದೆ. ಗ್ರಾಫಿಗೆ ಅದು ಗೊತ್ತಾಗುವುದಿಲ್ಲ.

ಪರಿಹಾರ ಸುಲಭ. ಆವೃತ್ತಿ 2ಸಿ ಅಥವಾ 3 ಹಾಕಿ, 64 ಬಿಟ್ ಕೌಂಟರ್ ಓದಿಸಿ. ಆಗುವುದಾದರೆ 3ನ್ನೇ ಹಾಕಿ. 2ಸಿಯಲ್ಲಿ ಕಮ್ಯುನಿಟಿ ಎಂಬ ಪಾಸ್‌ವರ್ಡ್ ಗುಟ್ಟಿಲ್ಲದೆ ತಂತಿಯ ಮೇಲೆ ಓಡಾಡುತ್ತದೆ, ಅದೂ ಹಲವು ಕಡೆ ಇನ್ನೂ "ಪಬ್ಲಿಕ್" ಅಂತಲೇ ಇರುತ್ತದೆ.

ಇನ್ನೊಂದು ಮಾತು. ಐದು ನಿಮಿಷದ ಸರಾಸರಿ ಶೇಕಡಾ 20 ತೋರಿಸಿದರೂ, ಅದರೊಳಗೆ ಒಂದು ನಿಮಿಷ ಲಿಂಕ್ ಪೂರ್ತಿ ತುಂಬಿರಬಹುದು. ವಿಡಿಯೋ ಕ್ಲಾಸ್ ನಿಂತು ನಿಂತು ಓಡುವುದು ಆ ಒಂದು ನಿಮಿಷದಲ್ಲೇ. ಮುಖ್ಯ ಲಿಂಕುಗಳಿಗೆ 30 ಸೆಕೆಂಡಿಗೊಮ್ಮೆ ಕೇಳಿ. ಉಚಿತವಾಗಿ ಸಿಗುವ ನಿಗಾ ಸಾಫ್ಟ್‌ವೇರ್ ಜ್ಯಾಬಿಕ್ಸ್ ಇದಕ್ಕೆ ಸಾಕು.

ಬ್ಯಾಂಡ್‌ವಿಡ್ತ್ ಎಲ್ಲಾ ಯಾರು ತಿಂತಿದಾರೆ ಅಂತ ಗೊತ್ತಾಗುತ್ತಾ? ಏನು ನೋಡ್ತಿದಾರೆ ಅಂತಾನೂ ಕಾಣುತ್ತಾ?

ಯಾರು ಅನ್ನುವುದು ಗೊತ್ತಾಗುತ್ತದೆ. ಏನು ನೋಡುತ್ತಿದ್ದಾರೆ ಅನ್ನುವುದು ಪೂರ್ತಿ ಗೊತ್ತಾಗುವುದಿಲ್ಲ. ಎಸ್‌ಎನ್‌ಎಂಪಿ ಪೋರ್ಟಿನ ಒಟ್ಟು ಲೆಕ್ಕ ಕೊಡುತ್ತದೆ. ಯಾವ ವಿಳಾಸದಿಂದ ಯಾವ ವಿಳಾಸಕ್ಕೆ ಎಷ್ಟು ಹೋಯಿತು ಅಂತ ತಿಳಿಯಲು ನೆಟ್‌ಫ್ಲೋ, ಐಪಿಫಿಕ್ಸ್ ಅಥವಾ ಎಸ್‌ಫ್ಲೋ ಬೇಕು. ಎಸ್‌ಫ್ಲೋ ಸಾವಿರಕ್ಕೊಂದು ಅಂತೇನೋ ಪ್ಯಾಕೆಟ್ ಆರಿಸಿ ಮಾದರಿ ಕಳಿಸುತ್ತದೆ. ದೊಡ್ಡ ಟ್ರಾಫಿಕ್ ಹಿಡಿಯಲು ಅದು ಸಾಕು, ಸಣ್ಣದು ತಪ್ಪಿಹೋಗಬಹುದು. ಎಸ್‌ಡಿಎನ್ ಇದ್ದರೆ ಪ್ರತಿ ರೂಲ್ ಜೊತೆಗೂ ಪ್ಯಾಕೆಟ್, ಬೈಟ್ ಲೆಕ್ಕ ಇರುತ್ತದೆ. ಹಾಸ್ಟೆಲಿಗೆ ಒಂದು ರೂಲ್, ಲೈಬ್ರರಿಗೆ ಒಂದು ರೂಲ್ ಬರೆದರೆ ಅವರವರ ಲೆಕ್ಕ ತಾನಾಗೇ ಸಿಗುತ್ತದೆ.

ಈಗ ಬಹುಪಾಲು ವೆಬ್ ಟ್ರಾಫಿಕ್ ಎನ್‌ಕ್ರಿಪ್ಟ್ ಆಗಿರುತ್ತದೆ. ಯಾವ ಸೈಟಿನ ಕಡೆ ಹೋಯಿತು ಅಂತ ಊಹಿಸಬಹುದು, ಒಳಗೆ ಏನಿತ್ತು ಅಂತ ಕಾಣುವುದಿಲ್ಲ. ಕಾಣಬೇಕು ಅಂತ ಹಠ ಹಿಡಿಯುವ ಮ್ಯಾನೇಜ್‌ಮೆಂಟಿನವರಿಗೆ ನಾನು ಸಹಾಯ ಮಾಡುವುದಿಲ್ಲ. ಲಾಗ್ (ಸಿಸ್ಟಂನಲ್ಲಿ ಯಾವಾಗ ಏನಾಯಿತು ಅನ್ನುವ ದಾಖಲೆ) ಇಡುವುದು ಬೇರೆ ವಿಷಯ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಸಂಸ್ಥೆಗಳು ತಮ್ಮ ಸಿಸ್ಟಂಗಳ ಲಾಗ್ 180 ದಿನ ಇಡಬೇಕು, ಗಡಿಯಾರಗಳನ್ನು ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಸರಿಯಾದ ಸಮಯ ಕೊಡುವ ವ್ಯವಸ್ಥೆ) ಜೊತೆ ಹೊಂದಿಸಬೇಕು. ಎರಡನೆಯದನ್ನು ಯಾರೂ ಮಾಡಿರುವುದಿಲ್ಲ. ಎರಡು ಸ್ವಿಚ್ಚಿನ ಗಡಿಯಾರದಲ್ಲಿ ಹತ್ತು ನಿಮಿಷ ವ್ಯತ್ಯಾಸ ಇದ್ದರೆ ಯಾವುದು ಮೊದಲು ಕೆಟ್ಟಿತು ಅಂತ ಹೇಗೆ ಹೇಳುತ್ತೀರಿ?

## ಕೈ ಹಾಕುವ ಹಂತ

ಕಲಿಯೋಕೆ ಸ್ವಿಚ್ ತಗೊಳ್ಳೋಷ್ಟು ದುಡ್ಡಿಲ್ಲ ಸಾರ್. ಲ್ಯಾಪ್‌ಟಾಪ್ ಮಾತ್ರ ಇದೆ.

ಸಾಕು. ಉಬುಂಟು ಲಿನಕ್ಸ್ ಹಾಕಿ, ಮಿನಿನೆಟ್ ಇಳಿಸಿಕೊಳ್ಳಿ. ಅದು ನಿಮ್ಮ ಲ್ಯಾಪ್‌ಟಾಪ್ ಒಳಗೇ ಹತ್ತಾರು ಕಂಪ್ಯೂಟರು, ಸ್ವಿಚ್ಚು, ಲಿಂಕುಗಳನ್ನು ಹುಟ್ಟಿಸುತ್ತದೆ. ಒಳಗೆ ಓಡುವ ಓಪನ್ ವಿಸ್ವಿಚ್ ಎಂಬ ಸಾಫ್ಟ್‌ವೇರ್ ಸ್ವಿಚ್ ಆಟಿಕೆ ಅಲ್ಲ. 2012ರಿಂದ ಲಿನಕ್ಸ್ ಕರ್ನಲ್ ಜೊತೆಗೇ ಬರುತ್ತಿದೆ, ದೊಡ್ಡ ದೊಡ್ಡ ಕ್ಲೌಡ್‌ಗಳಲ್ಲಿ ದುಡಿಯುತ್ತಿದೆ.

ಮೊದಲು ಎರಡು ಸ್ವಿಚ್, ನಾಲ್ಕು ಹೋಸ್ಟ್ (ಕಂಪ್ಯೂಟರ್) ಇಟ್ಟು ಎಲ್ಲರಿಂದ ಎಲ್ಲರಿಗೂ ಪಿಂಗ್ ಮಾಡಿಸಿ. ಆಮೇಲೆ ಕಂಟ್ರೋಲರ್ ನಿಲ್ಲಿಸಿ ಏನಾಗುತ್ತದೆ ನೋಡಿ. ಒಂದು ಲಿಂಕ್ ಕಟ್ ಮಾಡಿ ನೋಡಿ. ಜೊತೆಗೆ ಪ್ಯಾಕೆಟ್ ಬಿಡಿಸಿ ತೋರಿಸುವ ವೈರ್‌ಶಾರ್ಕ್ ತೆರೆದಿಟ್ಟು ಕಂಟ್ರೋಲರ್ ಮತ್ತು ಸ್ವಿಚ್ ನಡುವಿನ ಮಾತು ಓದಿ. ಟಿಸಿಪಿ ಪೋರ್ಟ್ 6653, ಹಳೇ ಪಾಠಗಳಲ್ಲಿ 6633.

ಇಲ್ಲಿ ಎಡವುವ ಜಾಗ ಒಂದಿದೆ. ಓಪನ್‌ಫ್ಲೋ 1.0ರಲ್ಲಿ ಯಾವ ರೂಲಿಗೂ ಹೊಂದದ ಪ್ಯಾಕೆಟ್ ಕಂಟ್ರೋಲರಿಗೆ ಹೋಗುತ್ತಿತ್ತು. 1.3ರಲ್ಲಿ ನೀವು ಟೇಬಲ್-ಮಿಸ್ ರೂಲ್ (ಯಾವುದಕ್ಕೂ ಹೊಂದದ ಪ್ಯಾಕೆಟ್ಟಿಗೆ ಏನು ಮಾಡಬೇಕು ಅನ್ನುವ ರೂಲ್) ಬರೆಯದಿದ್ದರೆ ಅಂಥ ಪ್ಯಾಕೆಟ್ ಸುಮ್ನೆ ಬಿದ್ದುಹೋಗುತ್ತದೆ. 1.0ರ ಪಾಠ ನೋಡಿಕೊಂಡು 1.3ರಲ್ಲಿ ಮಾಡಿ "ಪಿಂಗೇ ಬರ್ತಿಲ್ಲ" ಅಂತ ಬರೆಯುವವರ ತೊಂದರೆ ಬಹುಮಟ್ಟಿಗೆ ಇದೇ.

ಫ್ಲೋ ಟೇಬಲ್ ತೆಗೆದ್ರೆ ತಲೆ ತಿರುಗುತ್ತೆ. ಅದನ್ನ ಓದೋದು ಹೆಂಗೆ?

ಒಂದೊಂದು ಸಾಲಿನಲ್ಲೂ ನಾಲ್ಕು ಸಂಗತಿ ಹುಡುಕಿ: ಆದ್ಯತೆ, ಯಾವ ಪ್ಯಾಕೆಟ್ಟಿಗೆ ಹೊಂದುತ್ತದೆ, ಏನು ಮಾಡುತ್ತದೆ, ಇದುವರೆಗೆ ಎಷ್ಟು ಪ್ಯಾಕೆಟ್ ಹೊಂದಿವೆ. ಉಳಿದದ್ದು ಸದ್ಯಕ್ಕೆ ಬಿಡಿ. ಒಂದೇ ಪ್ಯಾಕೆಟ್ ಎರಡು ರೂಲಿಗೆ ಹೊಂದಿದರೆ ಆದ್ಯತೆಯ ಅಂಕಿ ದೊಡ್ಡದಿರುವ ರೂಲ್ ಗೆಲ್ಲುತ್ತದೆ.

ತೊಂದರೆ ಹುಡುಕುವಾಗ ನಾನು ಮೊದಲು ನೋಡುವುದು ಪ್ಯಾಕೆಟ್ ಲೆಕ್ಕ. ಪ್ರಿಂಟರ್‌ಗೆ ಬಿಡು ಅಂತ ರೂಲ್ ಬರೆದಿದ್ದೀರಿ, ಲೆಕ್ಕ ಸೊನ್ನೆಯಲ್ಲೇ ನಿಂತಿದೆ. ಅಂದರೆ ಪ್ಯಾಕೆಟ್ ಈ ಸ್ವಿಚ್ಚಿಗೆ ಬಂದೇ ಇಲ್ಲ, ಇಲ್ಲವೇ ಮೇಲಿನ ಯಾವುದೋ ರೂಲ್ ಅದನ್ನು ಹಿಡಿದುಕೊಂಡಿದೆ. ಲೆಕ್ಕ ಏರುತ್ತಿದೆ, ಆದರೂ ಪ್ರಿಂಟ್ ಬರುತ್ತಿಲ್ಲ ಅಂದರೆ ಈ ಸ್ವಿಚ್ ತನ್ನ ಕೆಲಸ ಮಾಡಿದೆ, ಮುಂದಿನದ್ದಕ್ಕೆ ಹೋಗಿ. ಹೀಗೆ ಸ್ವಿಚ್ಚಿನಿಂದ ಸ್ವಿಚ್ಚಿಗೆ ಹೋದರೆ ಪ್ಯಾಕೆಟ್ ಎಲ್ಲಿ ಕಳೆಯಿತು ಅಂತ ಸಿಕ್ಕೇ ಸಿಗುತ್ತದೆ. ಹಳೇ ನೆಟ್‌ವರ್ಕಿನಲ್ಲಿ ಈ ಸುಖ ಇರಲಿಲ್ಲ. ಎಸ್‌ಡಿಎನ್‌ನಿಂದ ನನಗೆ ಆದ ಅತಿ ದೊಡ್ಡ ಲಾಭ ಯಾವುದು ಅಂತ ಕೇಳಿದರೆ ಇದನ್ನೇ ಹೇಳುತ್ತೇನೆ.

ಒಂದು ಎಚ್ಚರಿಕೆ. ರೂಲಿಗೆ ಐಡಲ್ ಟೈಮ್‌ಔಟ್ ಕೊಟ್ಟಿದ್ದರೆ, ಅಷ್ಟು ಹೊತ್ತು ಟ್ರಾಫಿಕ್ ಇಲ್ಲದಾಗ ರೂಲ್ ಅಳಿಸಿಹೋಗುತ್ತದೆ, ಜೊತೆಗೆ ಅದರ ಲೆಕ್ಕವೂ. ತಿಂಗಳ ಲೆಕ್ಕ ಬೇಕಾದವರು ಫ್ಲೋ ರಿಮೂವ್ಡ್ ಸಂದೇಶ ಕಳಿಸುವಂತೆ ರೂಲಿನಲ್ಲೇ ಹೇಳಬೇಕು. ಅಳಿಯುವ ಮೊದಲಿನ ಕೊನೇ ಲೆಕ್ಕ ಅದರಲ್ಲಿ ಬರುತ್ತದೆ.

ಯಾವ ಕಂಟ್ರೋಲರ್ ತಗೋಬೇಕು?

ಕ್ಯಾಂಪಸ್ಸಿಗಾದರೆ ಫಾಸೆಟ್. ಸಂರಚನೆ ಯಾಮಲ್ ಎಂಬ ಸರಳ ರೂಪದ ಒಂದು ಪಠ್ಯ ಫೈಲಿನಲ್ಲಿ ಇರುತ್ತದೆ, ಅದನ್ನು ಬದಲಾವಣೆಗಳ ಜಾಡು ಇಡುವ ಗಿಟ್‌ನಲ್ಲಿ ಇಟ್ಟರೆ ಯಾರು ಯಾವಾಗ ಏನು ಬದಲಾಯಿಸಿದರು ಅಂತ ದಾಖಲೆ ಸಿಗುತ್ತದೆ. ಅಂಕಿಗಳು ಅವನ್ನು ಕೂಡಿಡುವ ಪ್ರೊಮಿಥಿಯಸ್‌ಗೆ ಹೋಗುತ್ತವೆ, ಗ್ರಫಾನಾದಲ್ಲಿ ಗ್ರಾಫ್ ನೋಡಬಹುದು. ಪೈಥಾನ್‌ನಲ್ಲಿ ಬರೆದು ಕಲಿಯಲು ರ್ಯೂ, ಅಥವಾ ಅದರಿಂದ ಕವಲೊಡೆದ ಓಎಸ್-ಕೆನ್. ಓನಾಸ್, ಓಪನ್‌ಡೇಲೈಟ್ ಎರಡೂ ಟೆಲಿಕಾಂ ಮಟ್ಟದ ದೊಡ್ಡ ಜಾಲಗಳಿಗೆ. ಕಾಲೇಜಿನಲ್ಲಿ ಅದನ್ನು ನೋಡಿಕೊಳ್ಳಲು ಒಬ್ಬರನ್ನೇ ಕೂರಿಸಬೇಕಾಗುತ್ತದೆ.

ಹಳೇ ಸ್ವಿಚ್ ಎಲ್ಲಾ ಗುಜರಿಗೆ ಹಾಕ್ಬೇಕಾ?

ಬೇಡ. ಒಂದು ಲ್ಯಾಬ್ ಅಥವಾ ಒಂದು ಬ್ಲಾಕ್ ಆರಿಸಿ, ಅಲ್ಲಿ ಮಾತ್ರ ಓಪನ್‌ಫ್ಲೋ 1.3 ಬಲ್ಲ ಸ್ವಿಚ್ ಹಾಕಿ, ಉಳಿದದ್ದಕ್ಕೆ ಮಾಮೂಲಿ ವಿಎಲ್ಯಾನ್ (ಒಂದೇ ಸ್ವಿಚ್ಚಿನೊಳಗೆ ಬೇರೆ ಬೇರೆ ಮಾಡಿದ ಜಾಲ) ಮೂಲಕ ಸೇರಿಸಿ. ಒಂದು ಮಳೆಗಾಲ ಕಳೆಯಲಿ, ಆಮೇಲೆ ಮುಂದಿನ ಬ್ಲಾಕ್. ಕೊಳ್ಳುವ ಮುಂಚೆ ಸ್ವಿಚ್ಚಿನ ಹಾರ್ಡ್‌ವೇರ್ ಟೇಬಲಿನಲ್ಲಿ ಎಷ್ಟು ರೂಲ್ ಹಿಡಿಸುತ್ತದೆ ಅಂತ ಬರಹದಲ್ಲಿ ಕೇಳಿ. ಟಿಸಿಎಎಂ ಎಂಬ ಆ ಮೆಮೊರಿ ದುಬಾರಿ, ಹಾಗಾಗಿ ಕಡಿಮೆ ಇಡುತ್ತಾರೆ. ತುಂಬಿಹೋದರೆ ಕೆಲವು ಸ್ವಿಚ್ ಹೊಸ ರೂಲ್ ಬೇಡ ಅನ್ನುತ್ತವೆ. ಕೆಲವು ಸಾಫ್ಟ್‌ವೇರಿನಲ್ಲಿ ಮಾಡಲು ಹೋಗಿ ತೆವಳುತ್ತವೆ. ಹಳೇ ಸ್ವಿಚ್ಚುಗಳನ್ನೇ ಒಂದೇ ಕಡೆಯಿಂದ ನಿಭಾಯಿಸಬೇಕು ಅಂದರೆ ಹಲವು ಡಬ್ಬಗಳಿಗೆ ಒಟ್ಟಿಗೆ ಬದಲಾವಣೆ ಕಳಿಸುವ ಆನ್ಸಿಬಲ್ ಕಲಿಯಿರಿ. ಅರ್ಧ ಲಾಭ ಅದರಲ್ಲೇ ಸಿಗುತ್ತದೆ.

## ಮಳೆ, ಕರೆಂಟು, ಕೆಟ್ಟಾಗ

ಕಂಟ್ರೋಲರ್ ಸತ್ರೆ ಇಡೀ ಕಾಲೇಜಿನ ನೆಟ್ ಹೋಗುತ್ತಾ?

ನೀವು ಹೇಗೆ ಕಟ್ಟಿದ್ದೀರಿ ಅನ್ನುವುದರ ಮೇಲಿದೆ. ಈ ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳದೆ ಯಾರೂ ಎಸ್‌ಡಿಎನ್ ಹಾಕಬಾರದು.

ರೂಲ್ ಹಾಕುವ ರೀತಿ ಎರಡು. ಹೊಸ ಟ್ರಾಫಿಕ್ ಬಂದಾಗೆಲ್ಲ ಕಂಟ್ರೋಲರನ್ನು ಕೇಳಿ ಹಾಕುವುದು ಒಂದು. ಲ್ಯಾಬಿನ ಪಾಠಗಳೆಲ್ಲ ಹೀಗೇ ಇರುತ್ತವೆ. ಇದರಲ್ಲಿ ಕಂಟ್ರೋಲರ್ ಹೋದರೆ ಹಳೇ ಸಂಪರ್ಕ ಸ್ವಲ್ಪ ಹೊತ್ತು ನಡೆದು, ಟೈಮ್‌ಔಟ್ ಆಗಿ, ಒಂದೊಂದೇ ನಿಲ್ಲುತ್ತದೆ. ಮೊದಲೇ ಬೇಕಾದ ರೂಲ್‌ಗಳನ್ನೆಲ್ಲ ಟೈಮ್‌ಔಟ್ ಇಲ್ಲದೆ ಹಾಕಿಬಿಡುವುದು ಇನ್ನೊಂದು. ಇದರಲ್ಲಿ ಕಂಟ್ರೋಲರ್ ಹೋದರೂ ಇದ್ದದ್ದು ಇದ್ದಹಾಗೆ ಓಡುತ್ತದೆ. ಹೊಸ ಬದಲಾವಣೆ ಮಾತ್ರ ಆಗುವುದಿಲ್ಲ. ನಿಜವಾದ ನೆಟ್‌ವರ್ಕಿಗೆ ಆದಷ್ಟೂ ಎರಡನೆಯದನ್ನೇ ಹಾಕಿ.

ಆಮೇಲೆ ಫೇಲ್ ಮೋಡ್. ಓಪನ್ ವಿಸ್ವಿಚ್‌ನಲ್ಲಿ "ಸೆಕ್ಯೂರ್" ಅಂತ ಇಟ್ಟರೆ ಕಂಟ್ರೋಲರ್ ಸಿಗದಿದ್ದಾಗ ಸ್ವಿಚ್ ತನ್ನಷ್ಟಕ್ಕೆ ಹೊಸ ತೀರ್ಮಾನ ಮಾಡುವುದಿಲ್ಲ. "ಸ್ಟ್ಯಾಂಡ್‌ಅಲೋನ್" ಅಂತ ಇಟ್ಟರೆ ಮಾಮೂಲಿ ಸ್ವಿಚ್ಚಾಗಿ ಬದಲಾಗುತ್ತದೆ. ಕೇಳಲು ಎರಡನೆಯದೇ ಚಂದ. ಆದರೆ ನಿಮ್ಮ ಬ್ಲಾಕುಗಳು ರಿಂಗ್ ಆಕಾರದಲ್ಲಿ ಸೇರಿದ್ದು, ಎಸ್‌ಟಿಪಿ (ಸುತ್ತುದಾರಿ ತಡೆಯುವ ಪ್ರೋಟೋಕಾಲ್) ಆಫ್ ಆಗಿದ್ದರೆ, ಎಲ್ಲ ಸ್ವಿಚ್ಚೂ ಒಟ್ಟಿಗೆ ಮಾಮೂಲಿ ಸ್ವಿಚ್ಚಾದ ಕ್ಷಣವೇ ಲೂಪ್, ಅಂದರೆ ಡೇಟಾ ಸುತ್ತು ಹೊಡೆಯುತ್ತಲೇ ಇರುತ್ತದೆ. ಪರೀಕ್ಷೆಗಳಿಗೆ ನೆಟ್ ಕಟ್ ಮಾಡುವ ರೂಲ್ ಕೂಡ ಆಗ ಇರುವುದಿಲ್ಲ. ಒಂದೇ ಅಪ್‌ಲಿಂಕ್ ಇರುವ ತುದಿಯ ಸ್ವಿಚ್ಚಿಗೆ ಸ್ಟ್ಯಾಂಡ್‌ಅಲೋನ್, ನಡುವಿನ ಸ್ವಿಚ್ಚುಗಳಿಗೆ ಸೆಕ್ಯೂರ್ ಇಡುವುದು ನನ್ನ ರೂಢಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ಮಲೆನಾಡಿನ ಕರೆಂಟ್ ಕಥೆ ಗೊತ್ತೇ ಇದೆ. ಸ್ವಿಚ್ ಒಂದು ಯುಪಿಎಸ್ ಮೇಲೆ, ಕಂಟ್ರೋಲರ್ ಇನ್ನೊಂದರ ಮೇಲೆ, ಮೂರನೇ ಬ್ಲಾಕಿಗೆ ಯುಪಿಎಸ್ಸೇ ಇಲ್ಲ. ಕರೆಂಟ್ ಬಂದಾಗ ಸ್ವಿಚ್ ಬೇಗ ಏಳುತ್ತದೆ, ಸರ್ವರ್ ನಿಧಾನಕ್ಕೆ. ಈ ನಡುವಿನ ನಿಮಿಷಗಳಲ್ಲಿ ಸ್ವಿಚ್ಚಿನಲ್ಲಿ ಒಂದು ರೂಲೂ ಇರುವುದಿಲ್ಲ, ರೀಸ್ಟಾರ್ಟ್ ಆದಾಗ ಎಲ್ಲ ಅಳಿಸಿರುತ್ತದೆ. ಇದನ್ನು ಬೇಸಿಗೆ ರಜೆಯಲ್ಲೇ ಮೇನ್ ಆಫ್ ಮಾಡಿ ಪರೀಕ್ಷಿಸಿ. ಕಂಟ್ರೋಲರಿಗೂ ಸ್ವಿಚ್ಚಿಗೂ ನಡುವಿನ ದಾರಿ ಅದೇ ಸ್ವಿಚ್ಚಿನ ರೂಲ್ ಮೇಲೆ ನಿಂತಿರಬಾರದು. ಮ್ಯಾನೇಜ್‌ಮೆಂಟ್ ಪೋರ್ಟುಗಳಿಗೆ ಬೇರೆಯೇ ಒಂದು ಸಾದಾ ಸ್ವಿಚ್ ಕೊಡಿ.

ಹಾಗಾದ್ರೆ ಎರಡು ಕಂಟ್ರೋಲರ್ ಇಟ್ರೆ ಆಯ್ತಲ್ಲ?

ಫಾಸೆಟ್‌ನಂಥದ್ದಾದರೆ ಆಯಿತು. ಎರಡೂ ಅದೇ ಫೈಲ್ ಓದಿ ಅದೇ ರೂಲ್ ಹಾಕುತ್ತವೆ, ಒಂದನ್ನೊಂದು ಕೇಳಬೇಕಿಲ್ಲ. ಓನಾಸ್‌ನಂಥ ಕ್ಲಸ್ಟರ್ (ಒಟ್ಟಾಗಿ ತೀರ್ಮಾನಿಸುವ ಕಂಟ್ರೋಲರುಗಳ ಗುಂಪು) ಆದರೆ ಬಹುಮತ ಬೇಕು. ಎರಡರಲ್ಲಿ ಒಂದು ಹೋದರೆ ಉಳಿದದ್ದಕ್ಕೆ ಬಹುಮತ ಇಲ್ಲ. ಮೂರಿದ್ದರೆ ಒಂದು ಹೋಗಬಹುದು, ಐದಿದ್ದರೆ ಎರಡು. ಮೂರನ್ನೂ ಒಂದೇ ರ್ಯಾಕಿನಲ್ಲಿ ಒಂದೇ ಯುಪಿಎಸ್‌ಗೆ ಸಿಕ್ಕಿಸಿದರೆ ದುಡ್ಡು ದಂಡ.

ಎಸ್‌ಡಿಎನ್‌ಲಿ ಲೂಪ್ ಆಗಲ್ವಂತೆ, ನಿಜಾನಾ?

ಕಂಟ್ರೋಲರಿಗೆ ಕಾಣುವ ಭಾಗದಲ್ಲಿ ಆಗುವುದಿಲ್ಲ ಅನ್ನಬಹುದು. ಈಥರ್ನೆಟ್ ಫ್ರೇಮಿಗೆ ಐಪಿ ಪ್ಯಾಕೆಟ್ಟಿನ ಟಿಟಿಎಲ್‌ನಂಥ ಆಯುಷ್ಯ ಇಲ್ಲ. ಲೂಪಿಗೆ ಸಿಕ್ಕ ಬ್ರಾಡ್‌ಕಾಸ್ಟ್ (ಎಲ್ಲರಿಗೂ ಕಳಿಸುವ) ಫ್ರೇಮ್ ಸುತ್ತುತ್ತಲೇ ಇರುತ್ತದೆ, ನಿಮಿಷದೊಳಗೆ ಎಲ್ಲ ನಿಲ್ಲುತ್ತದೆ. ಕಂಟ್ರೋಲರ್ ಪ್ರತಿ ಪೋರ್ಟಿನಿಂದ ಎಲ್‌ಎಲ್‌ಡಿಪಿ (ಪಕ್ಕದ ಸ್ವಿಚ್ ಯಾವುದು ಅಂತ ಪತ್ತೆ ಮಾಡುವ ಪ್ರೋಟೋಕಾಲ್) ಫ್ರೇಮ್ ಕಳಿಸಿ, ಅದು ಯಾವ ಸ್ವಿಚ್ಚಿನಲ್ಲಿ ಹೊರಬಂತು ಅಂತ ನೋಡಿ ನಕ್ಷೆ ಕಟ್ಟಿಕೊಳ್ಳುತ್ತದೆ. ನಕ್ಷೆ ಗೊತ್ತಿದ್ದರೆ ಲೂಪ್ ತಪ್ಪಿಸುವುದು ಸುಲಭ.

ತೊಂದರೆ ಇರುವುದು ಮೇಜಿನ ಕೆಳಗೆ. ಯಾರೋ ಪೋರ್ಟ್ ಸಾಲದು ಅಂತ ಎಂಟು ಪೋರ್ಟಿನ ಅಗ್ಗದ ಸ್ವಿಚ್ ಇಟ್ಟಿರುತ್ತಾರೆ. ಇನ್ಯಾರೋ ಗುಡಿಸುವಾಗ ಬಿದ್ದ ವೈರಿನ ಎರಡೂ ತುದಿ ಅದಕ್ಕೇ ಸಿಕ್ಕಿಸುತ್ತಾರೆ. ಅದು ಕಂಟ್ರೋಲರ್ ಮಾತು ಕೇಳುವ ಸ್ವಿಚ್ ಅಲ್ಲ. ಒಳಗೆ ಏನು ನಡೆದಿದೆ ಅಂತ ಕಂಟ್ರೋಲರಿಗೆ ಕಾಣುವುದೂ ಇಲ್ಲ. ಅದಕ್ಕೇ ತುದಿಯ ಪೋರ್ಟುಗಳಿಗೆ ಬ್ರಾಡ್‌ಕಾಸ್ಟ್ ಮಿತಿ ಹಾಕಿ. ಓಪನ್‌ಫ್ಲೋ 1.3ರಲ್ಲಿ ಮೀಟರ್ ಅಂತ ಇದೆ, ಸ್ವಿಚ್ ಅದನ್ನು ಬಲ್ಲುದೋ ನೋಡಿಕೊಳ್ಳಿ. ಒಂದು ಪೋರ್ಟಿನಲ್ಲಿ ಎಷ್ಟು ಮ್ಯಾಕ್ ವಿಳಾಸ (ಪ್ರತಿ ಸಾಧನದ ಗುರುತಿನ ಸಂಖ್ಯೆ) ಇರಬಹುದು ಅಂತಲೂ ಮಿತಿ ಇಡಿ.

ಸಕಲೇಶಪುರದಲ್ಲಿ ನಮ್ಮ ಬ್ರಾಂಚ್ ಇದೆ. ಮಳೆ ಬಂದ್ರೆ ಫೈಬರ್ ಕಟ್. ಹಾಸನದ ಕಂಟ್ರೋಲರಿಂದ ಅದನ್ನ ನಡೆಸ್ಬಹುದಾ?

ದೂರ ಅಡ್ಡಿಯಲ್ಲ. ಫೈಬರಿನಲ್ಲಿ ಬೆಳಕು ಕಿಲೋಮೀಟರಿಗೆ ಸುಮಾರು 5 ಮೈಕ್ರೋಸೆಕೆಂಡ್ ತಗೊಳ್ಳುತ್ತದೆ. ನಲವತ್ತು ಕಿಲೋಮೀಟರಿಗೆ 0.2 ಮಿಲಿಸೆಕೆಂಡ್. ಅಡ್ಡಿ ಇರುವುದು ಮರ ಬೀಳುವುದರಲ್ಲಿ, ರಸ್ತೆ ಅಗೆಯುವುದರಲ್ಲಿ. ಬ್ರಾಂಚಿನಲ್ಲೇ ಒಂದು ಸಣ್ಣ ಕಂಟ್ರೋಲರ್ ಇಡಿ, ಹಾಸನದಿಂದ ನಿಗಾ ಮಾತ್ರ ಇಡಿ.

ಎರಡು ದಾರಿ ಇದ್ದರೆ, ಫೈಬರ್ ಒಂದು, 4ಜಿ ಇನ್ನೊಂದು, ಓಪನ್‌ಫ್ಲೋದ ಫಾಸ್ಟ್ ಫೇಲ್‌ಓವರ್ ಗ್ರೂಪ್ ಬಳಸಿ. ಮೊದಲ ಪೋರ್ಟ್ ಸತ್ತರೆ ಸ್ವಿಚ್ಚೇ ಎರಡನೆಯದಕ್ಕೆ ಹೊರಳುತ್ತದೆ, ಕಂಟ್ರೋಲರನ್ನು ಕೇಳುವುದಿಲ್ಲ. ಆದರೆ ಫೈಬರ್ ಕಟ್ ಆದದ್ದು ದಾರಿಯಲ್ಲಿ, ನಿಮ್ಮ ಸ್ವಿಚ್ ಪಕ್ಕದ ಕನ್ವರ್ಟರ್ (ಫೈಬರನ್ನು ತಾಮ್ರದ ಕೇಬಲಿಗೆ ಸೇರಿಸುವ ಡಬ್ಬ) ಮಾತ್ರ ಇನ್ನೂ ಹಸಿರು ದೀಪ ತೋರಿಸುತ್ತಿದ್ದರೆ ಪೋರ್ಟ್ ಸತ್ತಿದೆ ಅಂತ ಗೊತ್ತಾಗುವುದೇ ಇಲ್ಲ. ಅದಕ್ಕೆ ಬಿಎಫ್‌ಡಿ ಎಂಬ ಪ್ರೋಟೋಕಾಲ್ ಬೇಕು. ಎರಡೂ ತುದಿ ಆಗಾಗ ಪುಟ್ಟ ಪ್ಯಾಕೆಟ್ ಕಳಿಸಿ "ಇದ್ದೀಯಾ" ಅಂತ ಕೇಳಿಕೊಳ್ಳುತ್ತವೆ. ಬರೀ ಇಷ್ಟಕ್ಕೆ ಎಸ್‌ಡಿ-ವಾನ್ (ಬ್ರಾಂಚುಗಳ ಲಿಂಕು ನೋಡಿಕೊಳ್ಳುವ) ಡಬ್ಬ ಸಿಗುತ್ತದೆ. ದುಡ್ಡಿದ್ದು, ಸಮಯ ಇಲ್ಲದವರು ಅದನ್ನೇ ತಗೊಳ್ಳಿ.

## ಇನ್ನೂ ಮುಂದೆ

ಕಂಟ್ರೋಲರನ್ನೇ ಯಾರಾದ್ರೂ ಹ್ಯಾಕ್ ಮಾಡಿದ್ರೆ?

ಇಡೀ ನೆಟ್‌ವರ್ಕ್ ಅವರದ್ದಾಯಿತು. ಹಾಗಾಗಿ ಕಂಟ್ರೋಲರ್ ಇಂಟರ್ನೆಟ್‌ಗೆ ಕಾಣಬಾರದು, ವಿದ್ಯಾರ್ಥಿಗಳ ವಿಎಲ್ಯಾನ್‌ಗೂ ಕಾಣಬಾರದು. ಸ್ವಿಚ್ ಜೊತೆಗಿನ ಮಾತಿಗೆ ಟಿಎಲ್‌ಎಸ್ ಎನ್‌ಕ್ರಿಪ್ಷನ್ ಹಾಕಿ. ಇದು ಐಚ್ಛಿಕ ಅಂತ ಬಹಳ ಜನ ಬಿಟ್ಟಿರುತ್ತಾರೆ. ತುದಿಯ ಪೋರ್ಟಿನಿಂದ ಬರುವ ಎಲ್‌ಎಲ್‌ಡಿಪಿಯನ್ನು ನಂಬಬೇಡಿ. ಸುಳ್ಳು ಎಲ್‌ಎಲ್‌ಡಿಪಿ ಕಳಿಸಿ ಇಲ್ಲದ ಲಿಂಕ್ ಇದೆ ಅಂತ ನಂಬಿಸುವ ದಾಳಿ ಹಳೆಯದು. ಕಂಟ್ರೋಲರಿಗೆ ಹೋಗುವ ಪ್ಯಾಕೆಟ್‌ಗಳಿಗೂ ಮಿತಿ ಇರಲಿ. ಇಲ್ಲದಿದ್ದರೆ ಒಂದು ವೈರಸ್ ಹತ್ತಿದ ಲ್ಯಾಪ್‌ಟಾಪ್ ಹೊಸ ಹೊಸ ವಿಳಾಸ ಹುಡುಕುತ್ತಾ ಅದನ್ನು ಮುಳುಗಿಸಬಹುದು.

ಓಪನ್‌ಫ್ಲೋ ಸತ್ತೋಯ್ತು, ಈಗ ಪಿ4, ಟೆಲಿಮೆಟ್ರಿ ಅಂತಾರೆ. ಕಲಿಯೋದು ದಂಡ ಅಲ್ವಾ?

ಮಾರ್ಕೆಟಿಂಗ್ ಗದ್ದಲ ತಣ್ಣಗಾಗಿದೆ, ಅದು ನಿಜ. ಡೇಟಾ ಸೆಂಟರುಗಳಲ್ಲಿ ಈಗ ಓಪನ್‌ಫ್ಲೋ ಬೇಕಿಲ್ಲದ ಬಿಜಿಪಿ ಇವಿಪಿಎನ್ ಮತ್ತು ವಿಎಕ್ಸ್‌ಲ್ಯಾನ್ ಎಂಬ ವಿಧಾನಗಳೇ ಜಾಸ್ತಿ. ಆದರೆ ಓಪನ್‌ಸ್ಟ್ಯಾಕ್, ಕುಬರ್ನೆಟಿಸ್ ಕ್ಲೌಡ್‌ಗಳಲ್ಲಿ ಬಳಸುವ ಓವಿಎನ್ ಎಂಬ ನೆಟ್‌ವರ್ಕ್ ಸಾಫ್ಟ್‌ವೇರ್ ಒಳಗೆ ಓಪನ್ ವಿಸ್ವಿಚ್ ಇದೆ, ಅದಕ್ಕೆ ರೂಲ್ ಹೋಗುವುದು ಓಪನ್‌ಫ್ಲೋದಲ್ಲೇ. ಪಿ4 2014ರಲ್ಲಿ ಬಂದ ಭಾಷೆ. ಸ್ವಿಚ್ ಚಿಪ್ ಪ್ಯಾಕೆಟ್ ಅನ್ನು ಹೇಗೆ ಓದಬೇಕು ಅಂತಲೇ ಅದರಲ್ಲಿ ಬರೆಯಬಹುದು. ಆದರೆ ಅದಕ್ಕೆ ಹೆಸರಾಗಿದ್ದ ಟೊಫಿನೋ ಚಿಪ್‌ನ ಮುಂದಿನ ಅಭಿವೃದ್ಧಿಯನ್ನು ಇಂಟೆಲ್ 2023ರಲ್ಲಿ ಕೈಬಿಟ್ಟಿತು. ಹಾಗಾಗಿ ಹಾರ್ಡ್‌ವೇರ್ ನಂಬಿ ಹೋಗಬೇಡಿ. ಸಾಫ್ಟ್‌ವೇರ್ ಸ್ವಿಚ್ ಮೇಲೆ ಕಲಿಯಿರಿ.

ಸ್ಟ್ರೀಮಿಂಗ್ ಟೆಲಿಮೆಟ್ರಿ ಮಾತ್ರ ಉಳಿಯುವ ವಿಷಯ. ನೀವು ಕೇಳುವ ತನಕ ಕಾಯದೆ ಸ್ವಿಚ್ಚೇ ಅಂಕಿ ಕಳಿಸುತ್ತಿರುತ್ತದೆ. ಜಿಎನ್‌ಎಂಐ ಅದರ ಪ್ರೋಟೋಕಾಲ್, ಅಂಕಿಗಳ ರಚನೆ ಯಾಂಗ್ ಎಂಬ ಭಾಷೆಯಲ್ಲಿ. ಮೇಲೆ ಹೇಳಿದ ಐದು ನಿಮಿಷದ ಸರಾಸರಿಯ ಕಾಟಕ್ಕೆ ಸರಿಯಾದ ಮದ್ದು ಇದೇ.

ಫೈನಲ್ ಇಯರ್ ಪ್ರಾಜೆಕ್ಟಿಗೆ ಒಂದು ಐಡಿಯಾ ಕೊಡಿ ಸಾರ್. ಲೋಡ್ ಬ್ಯಾಲೆನ್ಸಿಂಗ್ ಬಿಟ್ಟು.

ಬಿಟ್ಟದ್ದೇ ಒಳ್ಳೇದಾಯಿತು, ಅದನ್ನು ನೋಡಿ ನೋಡಿ ಪರೀಕ್ಷಕರಿಗೆ ಸಾಕಾಗಿದೆ. ಕರೆಂಟ್ ಹೋಗಿ ಬಂದಾಗ ನೆಟ್‌ವರ್ಕ್ ಏಳಲು ಎಷ್ಟು ಹೊತ್ತು ಬೇಕು ಅಂತ ಅಳೆಯಿರಿ. ಮಿನಿನೆಟ್‌ನಲ್ಲಿ ಹತ್ತು ಸ್ವಿಚ್ಚಿನ ರಿಂಗ್ ಮಾಡಿ. ಒಮ್ಮೆ ಕಂಟ್ರೋಲರ್ ಮೊದಲು ಏಳಲಿ, ಒಮ್ಮೆ ಸ್ವಿಚ್ಚುಗಳು ಮೊದಲು ಏಳಲಿ, ಒಮ್ಮೆ ಹಿಂದುಮುಂದಾಗಿ. ಪ್ರತಿ ಸಲ 10 ಮಿಲಿಸೆಕೆಂಡಿಗೊಂದು ಪಿಂಗ್ ಕಳಿಸುತ್ತಾ ಎಷ್ಟು ಕಳೆದವು ಅಂತ ಎಣಿಸಿ. ಸೆಕ್ಯೂರ್, ಸ್ಟ್ಯಾಂಡ್‌ಅಲೋನ್ ಎರಡರಲ್ಲೂ ಮಾಡಿ. ಆಮೇಲೆ ಒಂದು ಲಿಂಕ್ ಕಟ್ ಮಾಡಿ, ಕಂಟ್ರೋಲರ್ ದಾರಿ ಬದಲಿಸಿದಾಗ ಎಷ್ಟು ಪಿಂಗ್ ಕಳೆದವು, ಫಾಸ್ಟ್ ಫೇಲ್‌ಓವರ್ ಗ್ರೂಪ್ ಇದ್ದಾಗ ಎಷ್ಟು ಅಂತ ಹೋಲಿಸಿ. ಕಾಲೇಜಿನವರು ಒಪ್ಪಿದರೆ ಕೊನೇ ಸುತ್ತನ್ನು ನಿಜವಾದ ಲ್ಯಾಬಿನಲ್ಲಿ, ಭಾನುವಾರ, ಮೇನ್ ಸ್ವಿಚ್ ಆಫ್ ಮಾಡಿ ಮಾಡಿ. ಎಲೆಕ್ಟ್ರಿಷಿಯನ್ ಜೊತೆಗಿರಲಿ. ಮಿನಿನೆಟ್‌ನ ಅಂಕಿಗೂ ಲ್ಯಾಬಿನ ಅಂಕಿಗೂ ತಾಳೆ ಆಗದಿದ್ದರೆ ರಿಪೋರ್ಟಿನಲ್ಲಿ ಮುಚ್ಚಿಡಬೇಡಿ, ವೈವಾದಲ್ಲಿ ಕೇಳುವುದು ಅದನ್ನೇ.